ನೀರಲ್ಲಿ ಬೆರಳು ಸುಕ್ಕಾಗುವುದು ಯಾಕೆ? ಒಂದು ಪ್ರಶ್ನೆಯ ತೊಂಬತ್ತು ವರ್ಷ

ಮಳೆಗಾಲ ಹಿಡಿಯಿತೆಂದರೆ ಸೊರಬ, ಶಿಕಾರಿಪುರದ ಕಡೆ ಎಲ್ಲರ ಕೈಕಾಲೂ ನೀರಿನಲ್ಲೇ. ದೊಡ್ಡವರು ಸಸಿ ಕೀಳಲು, ನಾಟಿ ಹಾಕಲು ಗದ್ದೆಗೆ ಇಳಿಯುತ್ತಾರೆ. ಮಕ್ಕಳು ಹಳ್ಳ, ಕಾಲುವೆ ಕಂಡಲ್ಲಿ ಇಳಿದು, ಕರೆದರೂ ಮೇಲೆ ಬರುವುದಿಲ್ಲ. ಗುಡವಿ ಕೆರೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದೂ ಇದೇ ಕಾಲದಲ್ಲಿ. ಮನೆಮನೆಯಲ್ಲಿ ಒಂದು ಪ್ರಶ್ನೆ ಹುಟ್ಟುವುದೂ ಇದೇ ಕಾಲದಲ್ಲಿ.

"ಅಜ್ಜೀ, ನೋಡು, ನನ್ ಬೆರಳೂ ನಿನ್ ಬೆರಳಿನಂಗ ಮುದುಕಿ ಆತು!"

ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಇಷ್ಟೇ: ಚರ್ಮ ನೀರು ಕುಡಿದಿದೆ, ಒಣಗಿದರೆ ಸರಿಹೋಗುತ್ತದೆ. ಒಣಗಿದರೆ ಸರಿಹೋಗುವುದು ನಿಜ. ಆದರೆ ನೀರು ಕುಡಿದದ್ದೇ ಕಾರಣ ಎನ್ನುವ ಮಾತನ್ನು ವೈದ್ಯರೂ ಬಹಳ ಕಾಲ ನಂಬಿದ್ದರು. ಅದು ಪೂರ್ತಿ ಸರಿಯಲ್ಲ ಎಂದು ತೋರಿಸಿಕೊಟ್ಟದ್ದು ಗಾಯಗೊಂಡ ಕೈಗಳು. ಆ ಕತೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ. ಇದು ಮಕ್ಕಳಿಗೆ ಉತ್ತರ ಹೇಳಲು ಬೇಕಾದ ಕತೆ. ಜೊತೆಗೆ ದೊಡ್ಡವರು ತಮ್ಮ ಕೈಕಾಲನ್ನು ಒಮ್ಮೆ ನೋಡಿಕೊಳ್ಳಲಿಕ್ಕೂ ಬೇಕಾದದ್ದು.

ಕಲ್ಲಿನ ಮೇಲೆ ಕೆರೆಯಿದೆ, ಬೆರಳಿಲ್ಲ

ನಮ್ಮ ಸೀಮೆ ನೀರಿನ ಜೊತೆ ಬದುಕಲು ಶುರುಮಾಡಿದ್ದು ನಿನ್ನೆ ಮೊನ್ನೆಯಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರು ಒಂದು ಶಾಸನದ ಕಂಬ ನಿಂತಿದೆ. ಕದಂಬರ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಆ ಕಂಬ ಹೇಳುತ್ತದೆ. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದ ಆ ಸಾಲುಗಳಿಗೆ ಸುಮಾರು ಒಂದೂವರೆ ಸಾವಿರ ವರ್ಷ ವಯಸ್ಸು.

ಅಂದರೆ ಅಷ್ಟು ವರ್ಷಗಳಿಂದ ಇಲ್ಲಿ ಜನ ಕೆರೆಗೆ ಇಳಿದಿದ್ದಾರೆ, ಗದ್ದೆಯ ಕೆಸರಲ್ಲಿ ನಿಂತಿದ್ದಾರೆ. ಅವರ ಬೆರಳೂ ಸುಕ್ಕಾಗಿರಲೇಬೇಕು. ಕೆರೆ ಕಟ್ಟಿಸಿದ ದೊರೆಯ ಹೆಸರು ಕಲ್ಲಿನ ಮೇಲೆ ಉಳಿಯಿತು. ಕೆರೆಯಲ್ಲಿ ನಿಂತವರ ಬೆರಳಿನ ಸುದ್ದಿಯನ್ನು ಯಾರೂ ಬರೆದಿಡಲಿಲ್ಲ. ದಿನಾ ಕಣ್ಣೆದುರೇ ಆಗುವ ಸಂಗತಿಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅದನ್ನು ಪ್ರಶ್ನೆ ಎಂದು ನೋಡಲು ಒಂದೋ ಮಗುವಿನ ಕಣ್ಣು ಬೇಕು, ಇಲ್ಲವೇ ರೋಗಿಯ ಕೈ ಹಿಡಿದು ನೋಡುವ ವೈದ್ಯರ ಕಣ್ಣು ಬೇಕು.

ನೆನೆಸಿದ ಅವರೆಕಾಳಿನ ಉತ್ತರ

ಹಳೆಯ ವಿವರಣೆ ನಮ್ಮ ಅಡುಗೆಮನೆಯಲ್ಲೇ ಇದೆ. ಒಣ ಅವರೆಕಾಳನ್ನು ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮೊದಲು ಮೇಲಿನ ಸಿಪ್ಪೆ ನೀರು ಹೀರಿ ಹಿಗ್ಗುತ್ತದೆ. ಒಳಗಿನ ಬೇಳೆ ಇನ್ನೂ ಗಟ್ಟಿಯಾಗೇ ಇರುತ್ತದೆ. ಹಿಗ್ಗಿದ ಸಿಪ್ಪೆಗೆ ಜಾಗ ಸಾಲದೆ ಸುಕ್ಕು ಬೀಳುತ್ತದೆ. ನಮ್ಮ ಬೆರಳಲ್ಲೂ ಹೀಗೇ ಆಗುತ್ತದೆ ಎಂದು ತಿಳಿಯಲಾಗಿತ್ತು. ಚರ್ಮದ ಅತಿ ಮೇಲಿನ ಪದರ ಸತ್ತ ಕೋಶಗಳದ್ದು. ಅದು ನೀರು ಹೀರಿ ಹಿಗ್ಗುತ್ತದೆ, ಕೆಳಗಿನ ಪದರ ಹಿಗ್ಗುವುದಿಲ್ಲ, ಹಾಗಾಗಿ ನೆರಿಗೆ.

ಹಾಗಿದ್ದರೆ ಬೆನ್ನು, ಹೊಟ್ಟೆ, ಕೆನ್ನೆ ಯಾಕೆ ಸುಕ್ಕಾಗುವುದಿಲ್ಲ? ಕುತ್ತಿಗೆವರೆಗೆ ನೀರಲ್ಲಿ ಮುಳುಗಿದ್ದರೂ ನೆರಿಗೆ ಬೀಳುವುದು ಬೆರಳ ತುದಿ, ಅಂಗೈ, ಅಂಗಾಲಿನಲ್ಲಿ ಮಾತ್ರ. ಇದಕ್ಕೂ ಹಳೆಯ ವಿವರಣೆಯಲ್ಲಿ ಜವಾಬಿತ್ತು. ಅಂಗೈ, ಅಂಗಾಲಿನ ಚರ್ಮ ದಪ್ಪ, ಅದು ಹೆಚ್ಚು ನೀರು ಹೀರುತ್ತದೆ ಎನ್ನುತ್ತಿದ್ದರು. ಕೇಳಿದರೆ ಸರಿ ಅನಿಸುವ ಮಾತೇ. ಮೇಲಿನ ಪದರ ನೀರು ಹೀರುವುದೂ ಸುಳ್ಳಲ್ಲ. ಇದರಲ್ಲಿ ಏನೋ ಬಿಟ್ಟುಹೋಗಿದೆ ಎಂದು ತಿಳಿಯಲು ಸುಕ್ಕಾಗದ ಬೆರಳೊಂದು ಕಣ್ಣಿಗೆ ಬೀಳಬೇಕಿತ್ತು.

1936: ಸುಕ್ಕಾಗದ ಬೆರಳು

ಅಂಥ ಬೆರಳನ್ನು ಕಂಡವರು ಇಂಗ್ಲೆಂಡಿನ ಇಬ್ಬರು ವೈದ್ಯರು, ಥಾಮಸ್ ಲೂಯಿಸ್ ಮತ್ತು ಜಾರ್ಜ್ ಪಿಕರಿಂಗ್. ಲೂಯಿಸ್ ಅವರು ಇಸಿಜಿ ಯಂತ್ರದಿಂದ ಹೃದಯದ ಬಡಿತವನ್ನು ಓದುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಚರ್ಮದ ರಕ್ತನಾಳಗಳ ಬಗ್ಗೆ 1927ರಲ್ಲೇ ದೊಡ್ಡ ಪುಸ್ತಕ ಬರೆದಿದ್ದರು. ಈ ಇಬ್ಬರೂ ನರಕ್ಕೆ ಪೆಟ್ಟಾದ ರೋಗಿಗಳ ಬೆರಳುಗಳಲ್ಲಿ ರಕ್ತ ಹೇಗೆ ಓಡುತ್ತದೆ ಎಂದು ನೋಡುತ್ತಿದ್ದರು.

ನಮ್ಮ ಅಂಗೈಗೆ ಮುಖ್ಯವಾಗಿ ಎರಡು ನರಗಳು ಬರುತ್ತವೆ. ತೋಳಿನ ನಡುವೆ ಇಳಿದು ಬರುವ ಒಂದು ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗವನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಮೊಣಕೈ ಹಿಂದಿನಿಂದ ಹಾದು ಕಿರುಬೆರಳಿಗೆ ಮತ್ತು ಉಂಗುರ ಬೆರಳಿನ ಉಳಿದರ್ಧಕ್ಕೆ ಹೋಗುತ್ತದೆ. ಮೊಣಕೈ ಬಾಗಿಲಿಗೆ ತಾಗಿದರೆ ಕಿರುಬೆರಳವರೆಗೆ ಜುಂ ಅನ್ನುತ್ತದಲ್ಲ, ಅದೇ ಈ ಎರಡನೆಯ ನರ.

ಮೊದಲನೆಯ ನರ ಹಾಳಾದವರು ಕೈಯನ್ನು ಬೆಚ್ಚಗಿನ ನೀರಲ್ಲಿಟ್ಟಾಗ, ಆ ನರದ ಪಾಲಿನ ಬೆರಳುಗಳು ಸುಕ್ಕಾಗುವುದಿಲ್ಲ ಎಂಬುದನ್ನು ಲೂಯಿಸ್ ಮತ್ತು ಪಿಕರಿಂಗ್ 1936ರಲ್ಲಿ ದಾಖಲಿಸಿದರು. ಅದೇ ಕೈ, ಅದೇ ನೀರು, ಅದೇ ಹೊತ್ತು. ಕಿರುಬೆರಳು ಸುಕ್ಕಾಗುತ್ತದೆ, ತೋರುಬೆರಳು ನುಣ್ಣಗೇ ಉಳಿಯುತ್ತದೆ.

ಅವರೆಕಾಳಿನ ಸಿಪ್ಪೆಗೆ ನರ ಬೇಕಿಲ್ಲ, ನೀರಿದ್ದರೆ ಸಾಕು. ಬೆರಳಿಗೆ ಮಾತ್ರ ನರ ಬೇಕು. ಸುಕ್ಕು ಎನ್ನುವುದು ಚರ್ಮ ಸುಮ್ಮನೆ ನೆನೆಯುವುದರಿಂದ ಆದದ್ದಲ್ಲ, ದೇಹ ತಾನೇ ಮಾಡುವ ಕೆಲಸ ಎಂಬ ಸುಳಿವು ಅಲ್ಲಿ ಸಿಕ್ಕಿತು. ಆದರೆ ಆ ಸುಳಿವಿನ ಬೆನ್ನು ಹತ್ತಿದವರು ಬಹಳ ವರ್ಷ ಯಾರೂ ಇರಲಿಲ್ಲ.

1973: ಮಾತು ಬಾರದ ಮಗುವಿಗೆ ಒಂದು ಪರೀಕ್ಷೆ

ಮುಂದಿನ ಹೆಜ್ಜೆ ಐರ್ಲೆಂಡಿನದು. ಶೇಮಸ್ ಓ'ರಿಯಾನ್ ಎಂಬ ಪ್ಲಾಸ್ಟಿಕ್ ಸರ್ಜನ್ 1973ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪುಟ್ಟ ಲೇಖನ ಬರೆದರು. ಕೈಯನ್ನು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಲ್ಲಿ 30 ನಿಮಿಷ ಇಡಿ, ಯಾವ ಬೆರಳು ಸುಕ್ಕಾಗಲಿಲ್ಲವೋ ಅದರ ನರ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಿರಿ ಎನ್ನುವುದು ಅದರ ತಿರುಳು. 40 ಡಿಗ್ರಿ ಅಂದರೆ ಮೈಬಿಸಿಗಿಂತ ತುಸು ಹೆಚ್ಚು, ಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗೆ.

ಇದು ಯಾಕೆ ದೊಡ್ಡ ಮಾತು? ಕುಡುಗೋಲು ತಾಗಿ ಕೈ ಕೊಯ್ದುಕೊಂಡ ದೊಡ್ಡವರಾದರೆ ವೈದ್ಯರು ಸೂಜಿ ಚುಚ್ಚಿ, ಹತ್ತಿ ಸವರಿ ಗೊತ್ತಾಗುತ್ತದೆಯೇ ಎಂದು ಕೇಳಬಹುದು. ಎರಡು ವರ್ಷದ ಮಗು ಕೈಯನ್ನು ಗಾಜಿನಲ್ಲಿ ಕೊಯ್ದುಕೊಂಡರೆ? ಅದಕ್ಕೆ ಹೇಳಲು ಬಾರದು. ಸೂಜಿ ಕಂಡರೇ ಅಳುತ್ತದೆ, ಮುಟ್ಟಿದರೂ ಅಳುತ್ತದೆ. ಬೆಚ್ಚಗಿನ ನೀರಿನ ಪಾತ್ರೆ ಇಟ್ಟರೆ ಮಗು ಆಡುತ್ತಾ ಕೂರುತ್ತದೆ. ಉತ್ತರವನ್ನು ಬೆರಳೇ ಹೇಳುತ್ತದೆ. ಯಂತ್ರ ಬೇಡ, ಕರೆಂಟು ಬೇಡ, ನೋವೂ ಇಲ್ಲ.

1977ರಲ್ಲಿ ಬುಲ್ ಮತ್ತು ಹೆನ್ರಿ ಎಂಬ ವೈದ್ಯರು ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ನಮ್ಮ ಅಪ್ಪಣೆಗೆ ಕಾಯದೆ ಕೆಲಸ ಮಾಡುವ ನರಗಳ ಗುಂಪೊಂದಿದೆ. ಹೃದಯ ಬಡಿಯುವುದು, ಬೆವರು ಬರುವುದು, ರಕ್ತನಾಳ ಹಿಗ್ಗುವುದು, ಕುಗ್ಗುವುದು ಇವೆಲ್ಲ ಅವುಗಳ ಉಸ್ತುವಾರಿ. ಬೆರಳಿನ ಸುಕ್ಕನ್ನು ನೋಡಿ ಆ ನರಗಳ ಆರೋಗ್ಯವನ್ನು ತಿಳಿಯಬಹುದೆಂದು ಅವರು ತೋರಿಸಿದರು. 1980ರ ದಶಕದಲ್ಲಿ ಸಕ್ಕರೆ ಕಾಯಿಲೆಯವರಲ್ಲೂ ಈ ಪರೀಕ್ಷೆ ನಡೆಯಿತು. ಅವರಲ್ಲಿ ಸುಕ್ಕು ಕಡಿಮೆ ಬೀಳುವುದು ಕಂಡುಬಂತು, ಏಕೆಂದರೆ ಸಕ್ಕರೆ ಕಾಯಿಲೆ ನರಗಳನ್ನು ಸದ್ದಿಲ್ಲದೆ ತಿನ್ನುತ್ತದೆ.

2003: ಅಕ್ಕಿ ಚೀಲದ ಉತ್ತರ

ನರ ಬೇಕು ಎನ್ನುವುದು ತಿಳಿಯಿತು. ನರ ಮಾಡುವುದೇನು? ಇದಕ್ಕೆ ಸ್ಪಷ್ಟ ಉತ್ತರ 2003ರಲ್ಲಿ ಸಿಂಗಪುರದಿಂದ ಬಂತು. ಐನಾರ್ ವೈಲ್ಡರ್-ಸ್ಮಿತ್ ಮತ್ತು ಅಡೆಲಿನ್ ಚೌ ಎಂಬ ಸಂಶೋಧಕರು ನೀರಲ್ಲಿಟ್ಟ ಕೈಯ ರಕ್ತದ ಹರಿವನ್ನು ಅಳೆದರು. ಸುಕ್ಕು ಬೀಳುವಾಗ ಬೆರಳಿನ ರಕ್ತನಾಳಗಳು ಕುಗ್ಗಿ ಹರಿವು ಇಳಿಯುತ್ತಿತ್ತು.

ನಡೆಯುವುದು ಹೀಗೆ. ಅಂಗೈ, ಅಂಗಾಲಿನಲ್ಲಿ ಬೆವರಿನ ರಂಧ್ರಗಳು ಬಹಳ ಒತ್ತಾಗಿವೆ. ನೀರಲ್ಲಿ ಹೆಚ್ಚು ಹೊತ್ತು ಇದ್ದರೆ ಆ ರಂಧ್ರಗಳ ಮೂಲಕ ನೀರು ಒಳಗೆ ಹೋಗುತ್ತದೆ. ಚರ್ಮದೊಳಗಿನ ಉಪ್ಪಿನ ಅಂಶ ತೆಳುವಾಗುತ್ತದೆ. ಇದು ನರಕ್ಕೆ ಗೊತ್ತಾಗುತ್ತದೆ. ನರ ಕೂಡಲೇ ಬೆರಳ ತುದಿಯ ಸಣ್ಣ ರಕ್ತನಾಳಗಳಿಗೆ ಕುಗ್ಗಿ ಎಂದು ಹೇಳುತ್ತದೆ. ನಾಳ ಕುಗ್ಗಿದರೆ ಬೆರಳ ತುದಿಯ ಒಳಗಿನ ಗಾತ್ರ ಸ್ವಲ್ಪ ಇಳಿಯುತ್ತದೆ. ಮೇಲಿನ ಚರ್ಮ ಮಾತ್ರ ಇದ್ದಷ್ಟೇ ಇರುತ್ತದೆ.

ತುಂಬಿದ ಅಕ್ಕಿ ಚೀಲದಿಂದ ನಾಲ್ಕು ಸೇರು ಅಕ್ಕಿ ತೆಗೆದು ನೋಡಿ. ಚೀಲ ಬೆಳೆದಿಲ್ಲ, ಹಿಗ್ಗಿಲ್ಲ. ಒಳಗಿನ ಮಾಲು ಕಡಿಮೆಯಾಯಿತು, ಚೀಲಕ್ಕೆ ನೆರಿಗೆ ಬಿತ್ತು. ನಮ್ಮ ಬೆರಳಿನ ಸುಕ್ಕೂ ಅವರೆಕಾಳಿಗಿಂತ ಈ ಚೀಲಕ್ಕೇ ಹೆಚ್ಚು ಹತ್ತಿರ. ಅಜ್ಜಿಯ ಬೆರಳಿನ ಸುಕ್ಕು ಬೇರೆ. ಅದು ವಯಸ್ಸಾದಂತೆ ಚರ್ಮವೇ ಬಿಗಿ ಕಳೆದುಕೊಂಡು ಬಂದದ್ದು, ಒರೆಸಿದರೆ ಹೋಗದು. ಮಗುವಿನ ಸುಕ್ಕು ಟವೆಲಿನಲ್ಲಿ ಒರೆಸಿಕೊಂಡ ಸ್ವಲ್ಪ ಹೊತ್ತಿಗೆ ಮಾಯ.

ಸುಕ್ಕಿನಿಂದ ಏನು ಲಾಭ?

ದೇಹ ತಾನಾಗಿ ಮಾಡುವ ಕೆಲಸ ಅಂದಮೇಲೆ ಅದರಿಂದ ಏನಾದರೂ ಉಪಯೋಗ ಇರಬೇಕಲ್ಲ ಎಂಬ ಪ್ರಶ್ನೆ ಬಂತು. 2011ರಲ್ಲಿ ಅಮೆರಿಕದ ಮಾರ್ಕ್ ಚಾಂಗಿಝಿ ಮತ್ತು ಜೊತೆಗಾರರು ಒಂದು ಊಹೆ ಮುಂದಿಟ್ಟರು. ಟೈರಿನ ಮೇಲಿನ ಗೆರೆಗಳು ಮಳೆ ನೀರನ್ನು ಆಚೆ ತಳ್ಳಿ ರಸ್ತೆಯನ್ನು ಹಿಡಿಯುವಂತೆ, ಬೆರಳಿನ ಸುಕ್ಕು ನೀರನ್ನು ಆಚೆ ಹರಿಸಿ ಹಿಡಿತ ಕೊಡುತ್ತಿರಬಹುದು ಎಂದರು.

2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದರು. 20 ಜನರಿಗೆ ಗಾಜಿನ ಗೋಲಿ, ಗಾಳದ ಸೀಸದ ಗುಂಡುಗಳನ್ನು ಕೊಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಹೇಳಿದರು. ಒದ್ದೆ ವಸ್ತುಗಳನ್ನು ಸುಕ್ಕಾದ ಬೆರಳಿನವರು ಬೇಗ ಸಾಗಿಸಿದರು, ಒಣ ವಸ್ತುಗಳಲ್ಲಿ ವ್ಯತ್ಯಾಸವಿರಲಿಲ್ಲ. ಮರುವರ್ಷವೇ ಜರ್ಮನಿಯ ಬರ್ಲಿನ್‌ನಲ್ಲಿ 40 ಜನರ ಮೇಲೆ ಇಂಥದೇ ಪರೀಕ್ಷೆ ನಡೆಯಿತು. ಅಲ್ಲಿ ಯಾವ ಲಾಭವೂ ಕಾಣಲಿಲ್ಲ. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಿಕ್ ಡೇವಿಸ್ ಎಂಬವರು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದ 500ಕ್ಕೂ ಹೆಚ್ಚು ಜನರ ಹಿಡಿತವನ್ನು ಅಳೆದರು. ಒದ್ದೆಯಾದ ನುಣುಪು ಬೆರಳಿಗೆ ವಸ್ತುವನ್ನು ಹಿಡಿಯಲು ಹೆಚ್ಚು ಬಲ ಬೇಕಾಯಿತು. ಒದ್ದೆಯಾದ ಸುಕ್ಕು ಬೆರಳಿಗೆ ಅಷ್ಟು ಬಲ ಬೇಕಾಗಲಿಲ್ಲ.

ಹೀಗೆ ಇದರಲ್ಲಿ ಎರಡೂ ಕಡೆಯ ಸಾಕ್ಷಿ ಇದೆ. ಸಸಿ ಮಡಿಯಲ್ಲಿ ಕೂತು ಬೆಳಗಿನಿಂದ ಒದ್ದೆ ಸಸಿ ಕಿತ್ತು ಕಟ್ಟು ಕಟ್ಟುವವರು, ಹಳ್ಳದಲ್ಲಿ ಏಡಿ ಹಿಡಿಯುವ ಹುಡುಗರು ತಮ್ಮ ಕೈಯ ಅನುಭವ ಏನು ಎಂದು ಯೋಚಿಸಿ ನೋಡಬಹುದು.

2025: ಮತ್ತೆ ಒಂದು ಮಗುವಿನ ಪ್ರಶ್ನೆ

ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಗೈ ಜರ್ಮನ್ ಎಂಬ ಪ್ರಾಧ್ಯಾಪಕರು ಮಕ್ಕಳ ಪ್ರಶ್ನೆಗೆ ಉತ್ತರಿಸುವ ಅಂಕಣದಲ್ಲಿ ಈ ಸುಕ್ಕಿನ ಬಗ್ಗೆ ಬರೆದಿದ್ದರು. ಅದನ್ನು ಓದಿದವರಿಂದ ಮರುಪ್ರಶ್ನೆ ಬಂತು: ಪ್ರತಿ ಸಲವೂ ಸುಕ್ಕು ಒಂದೇ ಥರ ಬೀಳುತ್ತದೆಯೇ? ಪ್ರಾಧ್ಯಾಪಕರ ಹತ್ತಿರ ಉತ್ತರವಿರಲಿಲ್ಲ. ಅವರು ಮತ್ತು ಅವರ ವಿದ್ಯಾರ್ಥಿನಿ ರೇಚಲ್ ಲೇಟಿನ್ ಕೆಲವರ ಬೆರಳನ್ನು 30 ನಿಮಿಷ ನೀರಲ್ಲಿಟ್ಟು ಫೋಟೊ ತೆಗೆದರು. ಒಂದು ದಿನವಾದರೂ ಬಿಟ್ಟು ಮತ್ತೆ ಹಾಗೇ ಮಾಡಿ ಎರಡೂ ಫೋಟೊಗಳನ್ನು ಹೋಲಿಸಿದರು. ಏರುತಗ್ಗುಗಳು ಹೆಚ್ಚುಕಡಿಮೆ ಅದದೇ ಜಾಗದಲ್ಲಿ ಬಂದಿದ್ದವು. ಚರ್ಮದ ಕೆಳಗಿನ ರಕ್ತನಾಳಗಳು ತಮ್ಮ ಜಾಗ ಬಿಟ್ಟು ಕದಲುವುದಿಲ್ಲವಾದ್ದರಿಂದ ಸುಕ್ಕೂ ಜಾಗ ಬದಲಿಸುವುದಿಲ್ಲ ಎಂದು 2025ರಲ್ಲಿ ಪ್ರಕಟಿಸಿದರು.

ಸುಕ್ಕಾಗದ ಬೆರಳಿಂದ ಶುರುವಾದ ಕತೆ, ಮಕ್ಕಳ ಪ್ರಶ್ನೆಯಿಂದ ಮುಂದುವರಿಯುತ್ತಿದೆ. ದಡ್ಡ ಪ್ರಶ್ನೆ ಕೇಳಬೇಡ ಎಂದು ಮಕ್ಕಳ ಬಾಯಿ ಮುಚ್ಚಿಸುವವರು ಇದನ್ನು ನೆನಪಿಡಬೇಕು.

ಇದು ನಮಗೆ ಯಾಕೆ ಬೇಕು?

ನರ ಸತ್ತರೆ ಬರೀ ಸುಕ್ಕು ನಿಲ್ಲುವುದಿಲ್ಲ, ನೋವೂ ನಿಲ್ಲುತ್ತದೆ. ನೋವಿಲ್ಲದ ಕೈಯೇ ಅಪಾಯದ ಕೈ. ಕುಷ್ಠರೋಗ ಹೀಗೆ ನರಗಳನ್ನು ಹಿಡಿಯುವ ರೋಗ. ಮೊಣಕೈಯಲ್ಲಿ ಜುಂ ಅನ್ನಿಸುವ ಆ ನರವೇ ಅದಕ್ಕೆ ಹೆಚ್ಚಾಗಿ ತುತ್ತಾಗುವ ನರಗಳಲ್ಲಿ ಒಂದು. ತಮಿಳುನಾಡಿನ ವೆಲ್ಲೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಒಂದು ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ರೋಗಿಗಳ ಬೆರಳು ರೋಗದಿಂದ ತಾನಾಗಿ ಕೊಳೆತು ಉದುರುವುದಿಲ್ಲ. ಬಿಸಿ ಪಾತ್ರೆ ಸುಟ್ಟರೂ, ಮುಳ್ಳು ಚುಚ್ಚಿದರೂ ಗೊತ್ತಾಗದೆ, ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ.

ಮೈಮೇಲೆ ತಿಳಿಬಿಳಿ ಅಥವಾ ತಾಮ್ರ ಬಣ್ಣದ ಮಚ್ಚೆ ಇದ್ದು ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಬೆರಳು ಜೋಮು ಹಿಡಿದಂತೇ ಇದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಆಶಾ ಕಾರ್ಯಕರ್ತೆಗೆ ಹೇಳಬೇಕು. ಔಷಧಿ ಉಚಿತ. ರೋಗದ ಬಗೆ ನೋಡಿ 6 ತಿಂಗಳು ಅಥವಾ 12 ತಿಂಗಳು ತೆಗೆದುಕೊಂಡರೆ ಗುಣವಾಗುತ್ತದೆ. ಪ್ರತಿ ವರ್ಷ ಜನವರಿ 30ರ ಹುತಾತ್ಮ ದಿನದಂದು ಊರೂರಲ್ಲಿ ಸ್ಪರ್ಶ ಜಾಗೃತಿ ನಡೆಯುವುದು ಇದಕ್ಕಾಗಿಯೇ. ನಾಚಿಕೆಯಿಂದ ಮುಚ್ಚಿಟ್ಟುಕೊಂಡಷ್ಟೂ ನರ ಸಾಯುತ್ತದೆ. ಸತ್ತ ನರವನ್ನು ಔಷಧಿ ಹಿಂದಕ್ಕೆ ತರಲಾರದು.

ಇನ್ನೊಂದು ಮಾತು ಕಾಲಿನದು. ಸುಕ್ಕು ಒಳ್ಳೆಯ ಲಕ್ಷಣ ಎಂದು ದಿನಗಟ್ಟಲೆ ನೀರಲ್ಲಿ ನಿಲ್ಲುವುದು ಒಳ್ಳೆಯದೆಂದು ತಿಳಿಯಬಾರದು. ಮೊದಲನೇ ಮಹಾಯುದ್ಧದಲ್ಲಿ ನೀರು ತುಂಬಿದ ಕಂದಕಗಳಲ್ಲಿ ನಿಂತ ಸಾವಿರಾರು ಸೈನಿಕರ ಪಾದ ಕೆಟ್ಟವು. 1960ರ ದಶಕದಲ್ಲಿ ವಿಯೆಟ್ನಾಂನ ಭತ್ತದ ಗದ್ದೆಗಳಲ್ಲಿ ಅಮೆರಿಕದ ಸೈನಿಕರಿಗೂ ಅಂಗಾಲು ಬೆಳ್ಳಗೆ ಊದಿ, ಊರಲಾರದಷ್ಟು ನೋವಾಯಿತು. ಪಾದಗಳನ್ನು ಚೆನ್ನಾಗಿ ಒಣಗಿಸಿಕೊಳ್ಳುವುದು ಅದಕ್ಕೆ ಮುಖ್ಯ ಮದ್ದಾಗಿತ್ತು. ನಾಟಿ ಮಾಡುವವರಿಗೂ ಅದೇ ಮಾತು. ಸಂಜೆ ಕಾಲು ತೊಳೆದು ಬೆರಳ ಸಂದಿಯನ್ನೂ ಒರೆಸಿ, ರಾತ್ರಿಯಿಡೀ ಒಣಗಲು ಬಿಡಬೇಕು. ನೆನೆದು ಮೆತ್ತಗಾದ ಚರ್ಮ, ಸಣ್ಣ ಗಾಯ ಇವೇ ಇಲಿಜ್ವರದ ರೋಗಾಣು ಒಳಗೆ ಬರುವ ದಾರಿ. ಗದ್ದೆ ಕೆಲಸದ ಕಾಲದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಗದ್ದೆಗೆ ಇಳಿದದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಮಗುವಿಗೆ ಹೀಗೆ ಹೇಳಿ

"ನಿನ್ನ ಬೆರಳೊಳಗೆ ಸಣ್ಣ ಸಣ್ಣ ರಕ್ತದ ಕಾಲುವೆಗಳಿವೆ. ಬಹಳ ಹೊತ್ತು ನೀರಲ್ಲಿದ್ದರೆ ನರ ಅದನ್ನು ತಿಳಿದು ಕಾಲುವೆಗಳನ್ನು ಸಣ್ಣ ಮಾಡುತ್ತದೆ. ಅಕ್ಕಿ ತೆಗೆದ ಚೀಲದ ಥರ ಮೇಲಿನ ಚರ್ಮಕ್ಕೆ ನೆರಿಗೆ ಬೀಳುತ್ತದೆ. ಒದ್ದೆ ಗೋಲಿ ಜಾರದಂತೆ ಹಿಡಿಯಲು ಅದು ಸಹಾಯ ಮಾಡುತ್ತಿರಬಹುದು."

ನಂಬದಿದ್ದರೆ ಮನೆಯಲ್ಲೇ ನೋಡಬಹುದು. ಸ್ನಾನದ ನೀರಿನಷ್ಟು ಬೆಚ್ಚಗಿರುವ ನೀರಲ್ಲಿ ಒಂದು ಕೈ, ತಣ್ಣೀರಲ್ಲಿ ಇನ್ನೊಂದು ಕೈ ಇಟ್ಟುಕೊಂಡು ಕೂರಲಿ. ಬೆಚ್ಚಗಿನ ನೀರಿನ ಕೈ ಬೇಗ ಸುಕ್ಕಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು, ನಾಳೆ ಮತ್ತೆ ತೆಗೆದು, ನೆರಿಗೆ ಅದೇ ಜಾಗದಲ್ಲಿ ಬಂತೇ ಎಂದು ಹೋಲಿಸಲಿ. ಇದು ಆಟ, ರೋಗ ಪತ್ತೆ ಮಾಡುವುದು ವೈದ್ಯರ ಕೆಲಸ. ಆದರೆ ಆಡುತ್ತಿರುವಾಗ ಯಾವುದೋ ಒಂದು ಬೆರಳು ಮಾತ್ರ ಪ್ರತಿ ಸಲವೂ ನುಣ್ಣಗೇ ಉಳಿದರೆ, ಮಗು ಅದನ್ನು ತೋರಿಸಲು ಓಡಿ ಬಂದರೆ, ಆಮೇಲೆ ನೋಡೋಣ ಎನ್ನದೆ ಆ ಕೈಯನ್ನು ವೈದ್ಯರಿಗೆ ತೋರಿಸಿ.